ನೌಕರಿಯ ಬಾಗಿಲಲ್ಲಿ ನಮ್ಮ ತರುಣರು

ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗಿ ಪದವೀಧರರ ಹೊಸ ತಂಡವೊಂದು ಹೊರಬರುವ ದಿನಗಳಲ್ಲಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳ ಕನ್ನಡಿಗರ ಮನೆಗಳಲ್ಲಿ ಪ್ರತಿ ವರ್ಷವೂ ಒಂದೇ ಚಿಂತೆ ತಲೆದೋರುತ್ತದೆ. ಸಂಘದ ಸಭೆಯಲ್ಲಿಯೋ, ಮದುವೆಯ ಊಟದ ಪಂಕ್ತಿಯಲ್ಲಿಯೋ, ಯಕ್ಷಗಾನದ ಆಟದ ನಡುವೆಯೋ ತಂದೆಯಾದವನು ಪರಿಚಯದ ದೊಡ್ಡ ಮನುಷ್ಯರೊಬ್ಬರನ್ನು ಬದಿಗೆ ಕರೆದು, ‘ಹುಡುಗನ ಓದು ಮುಗಿಯಿತು, ಎಲ್ಲಾದರೂ ಒಂದು ನೌಕರಿ ಆಗಬೇಕಿತ್ತು’ ಎಂದು ಸಂಕೋಚದಿಂದ ಕೇಳುವುದನ್ನು ಕಾಣದವರು ನಮ್ಮ ವಾಚಕರಲ್ಲಿ ವಿರಳ. ‘ಅರ್ಜಿ ಕಳುಹಿಸಿಕೊಡಲಿ, ನೋಡೋಣ’ ಎಂಬ ಉತ್ತರವೂ ಅಷ್ಟೇ ಪರಿಚಿತವಾದುದು. ಅರ್ಜಿ ಹೋಗುತ್ತದೆ, ಮರುಮಾತು ಬರುವುದಿಲ್ಲ. ಹೀಗೆ ಐವತ್ತು, ನೂರು ಅರ್ಜಿಗಳನ್ನು ಕಳುಹಿಸಿ, ಒಂದಕ್ಕೂ ಉತ್ತರ ಕಾಣದೆ, ಓದಿದುದೇ ವ್ಯರ್ಥವಾಯಿತೆಂದು ಕುಗ್ಗಿದ ತರುಣ ತರುಣಿಯರು ನಮ್ಮ ನಡುವೆ ಅನೇಕರಿದ್ದಾರೆ. ಅವರ ಈ ಮೌನ ಸಂಕಟವು ಅವರವರ ಮನೆಯ ವಿಷಯವೆಂದು ಸಮಾಜವು ಕಣ್ಣು ಮುಚ್ಚಿ ಕುಳಿತುಕೊಳ್ಳುವಂತಿಲ್ಲ.

ಈ ಸಂಕಟ ನಮ್ಮವರಿಗಷ್ಟೇ ಬಂದುದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ದಿಲ್ಲಿಯ ಸಂಶೋಧನ ಸಂಸ್ಥೆಯೊಂದರೊಡನೆ ಕೂಡಿ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ದೇಶದ ಯುವಜನರ ಪೈಕಿ ಓದು ಬರಹ ಬಾರದವರಲ್ಲಿ ನಿರುದ್ಯೋಗಿಗಳು ನೂರಕ್ಕೆ 3.4ರಷ್ಟಿದ್ದರೆ ಪದವೀಧರರಲ್ಲಿ ನೂರಕ್ಕೆ 29.1ರಷ್ಟಿದ್ದರು. ಓದಿಲ್ಲದವನು ಹೊಟ್ಟೆಯ ಕರೆಗೆ ಓಗೊಟ್ಟು ಸಿಕ್ಕಿದ ಕೂಲಿಗೆ ಹೋಗುತ್ತಾನೆ. ಓದಿದವನು ಓದಿಗೆ ತಕ್ಕ ಕೆಲಸಕ್ಕಾಗಿ ಕಾದು ಕುಳಿತುಕೊಳ್ಳುತ್ತಾನೆ. ಈ ಅಂತರಕ್ಕೆ ಇದೂ ಒಂದು ಕಾರಣವಾದರೂ, ಓದಿಗೆ ತಕ್ಕಷ್ಟು ಕೆಲಸಗಳು ಹುಟ್ಟುತ್ತಿಲ್ಲವೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಕೆಲಸಗಳನ್ನು ಹೆಚ್ಚಿಸುವ ಹೊಣೆ ಸರಕಾರಗಳದು ಮತ್ತು ಉದ್ಯಮಪತಿಗಳದು. ಆ ಹೊಣೆಯನ್ನು ಅರ್ಜಿ ಬರೆಯುವ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಇರುವ ಸ್ಥಾನಗಳಿಗಾಗಿ ನಡೆಯುವ ಸ್ಪರ್ಧೆಯಲ್ಲಿ ನಮ್ಮ ತರುಣರು ಯೋಗ್ಯತೆಯಿದ್ದೂ ಹಿಂದೆ ಬೀಳುತ್ತಿರುವುದು ಬೇರೆಯೇ ಮಾತು. ಅದರ ಪರಿಹಾರ ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ.

ಪರನಾಡಿನ ಕನ್ನಡಿಗರು ಹೊಟ್ಟೆಪಾಡನ್ನು ಕಂಡುಕೊಂಡ ಬಗೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಕರಾವಳಿಯ ಹಳ್ಳಿಗಳಿಂದ ಹಡಗನ್ನೋ ಬಸ್ಸನ್ನೋ ಹತ್ತಿ ಮುಂಬಯಿಗೆ ಬಂದ ಹುಡುಗನ ಕಿಸೆಯಲ್ಲಿ ಊರಿನ ಹಿರಿಯರೊಬ್ಬರು ಕೊಟ್ಟ ಚೀಟಿ ಇರುತ್ತಿತ್ತು. ಆ ಚೀಟಿಯ ಬಲದಿಂದ ಅವನು ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿ, ಹಗಲು ತಟ್ಟೆ ಲೋಟಗಳನ್ನು ಎತ್ತಿ, ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು, ಮೆಟ್ರಿಕ್ ಪಾಸು ಮಾಡಿ, ಟೈಪು ಮತ್ತು ಶೀಘ್ರಲಿಪಿಯ ಬಲದ ಮೇಲೆ ಕೋಟೆಯ ಕಚೇರಿಗಳನ್ನು ಸೇರಿದನು. ಮಂಗಳೂರಿನಲ್ಲಿ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ತಲೆಯೆತ್ತಿದ ಕಾರ್ಪೊರೇಶನ್ ಬ್ಯಾಂಕು, 1925ರ ಸಿಂಡಿಕೇಟ್ ಬ್ಯಾಂಕು, 1931ರ ವಿಜಯಾ ಬ್ಯಾಂಕು ಇವುಗಳ ಶಾಖೆಗಳು ದೇಶದ ನಗರಗಳಲ್ಲಿ ಹರಡಿದಂತೆಲ್ಲ ಓದಿದ ಕನ್ನಡ ಮಕ್ಕಳಿಗೆ ಇನ್ನೊಂದು ದಾರಿ ತೆರೆಯಿತು. ಅಂದಿನ ಚೀಟಿಗೆ ಬೆಲೆಯಿದ್ದುದು ಅದರ ಅಕ್ಷರಗಳಿಂದಲ್ಲ. ಚೀಟಿ ಕೊಟ್ಟವರು ತಮ್ಮ ಮಾನವನ್ನು ಅದರೊಡನೆ ಒತ್ತೆಯಿಡುತ್ತಿದ್ದರು. ಹುಡುಗ ಕಳ್ಳನೋ ಸೋಮಾರಿಯೋ ಆದರೆ ಹೆಸರು ಕೆಡುತ್ತಿದ್ದುದು ಅವರದು.

ಆ ವ್ಯವಸ್ಥೆ ಇಂದು ಉಳಿದಿಲ್ಲ. ಸ್ಟೇಟ್ ಬ್ಯಾಂಕನ್ನುಳಿದು ಇತರ ಸರಕಾರಿ ಬ್ಯಾಂಕುಗಳ ನೇಮಕಕ್ಕೆ 2011ರಿಂದ ಸಾಮಾನ್ಯ ಪರೀಕ್ಷೆಯೊಂದು ಜಾರಿಗೆ ಬಂದಿದೆ. ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ಮರುವರ್ಷ ಅದೇ ತಿಂಗಳು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಖಾಸಗಿ ಕಂಪೆನಿಗಳಲ್ಲಿ ಅರ್ಜಿಯನ್ನು ಮೊದಲು ನೋಡುವುದು ಅನೇಕ ಕಡೆ ಮನುಷ್ಯನೂ ಅಲ್ಲ, ಕಂಪ್ಯೂಟರು. ಪರಿಚಯದ ಮಾತಿಗೆ ಇಂದಿಗೂ ಸ್ಥಾನವಿದೆಯಾದರೂ ಅದು ಅರ್ಜಿಯನ್ನು ಮೇಜಿನ ಮೇಲೆ ಇರಿಸೀತು. ಮುಂದಿನ ಹೆಜ್ಜೆಯನ್ನು ಅರ್ಜಿದಾರನೇ ಇಡಬೇಕಾಗಿದೆ. ಹೀಗಿರಲು ನಮ್ಮ ಅನೇಕ ಕುಟುಂಬಗಳು ಇನ್ನೂ ಚೀಟಿಯ ಕಾಲದಲ್ಲಿಯೇ ಇವೆ. ಯಾರನ್ನು ಹಿಡಿಯಬೇಕೆಂದು ತಿಂಗಳುಗಟ್ಟಲೆ ಯೋಚಿಸುವವರು, ಏನನ್ನು ತೋರಿಸಬೇಕೆಂದು ಒಂದು ಸಂಜೆಯಾದರೂ ಯೋಚಿಸುವುದಿಲ್ಲ.

ನೇಮಕದ ಮೇಜಿನ ಆಚೆ ಕುಳಿತವರ ಕಷ್ಟವನ್ನೂ ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಒಂದು ಸ್ಥಾನಕ್ಕೆ ನೂರಾರು ಅರ್ಜಿಗಳು. ಎಲ್ಲದರಲ್ಲಿಯೂ ಅರ್ಜಿದಾರ ಶ್ರಮಜೀವಿ, ಪ್ರಾಮಾಣಿಕ, ಬೇಗ ಕಲಿಯುವವ, ಹತ್ತು ಜನರೊಡನೆ ಹೊಂದಿಕೊಂಡು ನಡೆಯುವವ. ಈಚೆಗೆ ಇಂಥ ಮಾತುಗಳನ್ನು ಬರೆದುಕೊಡುವುದಕ್ಕೆ ಕೃತಕ ಬುದ್ಧಿಯ ಯಂತ್ರಗಳೂ ಬಂದಿರುವುದರಿಂದ ಮೊದಲೇ ಒಂದರಂತೆ ಒಂದಿದ್ದ ಅರ್ಜಿಗಳು ಈಗ ಅವಳಿ ಮಕ್ಕಳಂತಾಗಿವೆ. ಎಲ್ಲರೂ ಹೇಳುವ ಮಾತು ಯಾರ ವಿಷಯವನ್ನೂ ತಿಳಿಸುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ ಎಂಬವರು 1973ರಲ್ಲಿ ಈ ವಿಷಯವನ್ನು ಕುರಿತು ಬರೆದ ಪ್ರಬಂಧವು ಪ್ರಸಿದ್ಧವಾಗಿದೆ. 2001ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಧಣಿಗೆ ಅಭ್ಯರ್ಥಿಯ ಒಳಗಿನ ಯೋಗ್ಯತೆ ಕಾಣಿಸದು. ಹೊರಗೆ ಕಾಣುವ ಗುರುತುಗಳಿಂದಲೇ ಅವನು ಊಹಿಸಬೇಕು. ಯೋಗ್ಯನಿಗೆ ಸುಲಭವಾಗಿ ದೊರೆಯುವ, ಅಯೋಗ್ಯನಿಗೆ ದುಬಾರಿಯಾಗುವ ಗುರುತಿಗೆ ಮಾತ್ರ ಬೆಲೆಯಿರುತ್ತದೆ ಎಂಬುದು ಅವರ ವಾದದ ತಿರುಳು. ‘ನಾನು ಪ್ರಾಮಾಣಿಕ’ ಎಂದು ಬರೆಯುವುದಕ್ಕೆ ಕಳ್ಳನಿಗೂ ಖರ್ಚಿಲ್ಲ. ಮೂರು ವರ್ಷ ಬೇರೊಬ್ಬರ ನಗದನ್ನು ಎಣಿಸಿ ದಿನವೂ ಲೆಕ್ಕ ಒಪ್ಪಿಸಿದೆನೆಂದು, ಕೇಳಿ ನೋಡಬಹುದಾದ ಒಬ್ಬರ ಹೆಸರಿನೊಡನೆ ಬರೆಯುವುದು ಮಾತ್ರ ಹಾಗೆ ಮಾಡಿದವನಿಗೇ ಸಾಧ್ಯ.

ಇಲ್ಲಿಯೇ ನಮ್ಮ ತರುಣರು ದೊಡ್ಡದೊಂದು ತಪ್ಪು ಮಾಡುತ್ತಿದ್ದಾರೆಂದು ನಮಗೆ ತೋರುತ್ತದೆ. ತಂದೆಯ ಅಥವಾ ಸೋದರಮಾವನ ಹೋಟೆಲಿನಲ್ಲಿ ಸಂಜೆಯ ಹೊತ್ತು ಗಲ್ಲಾಪೆಟ್ಟಿಗೆಯ ಬಳಿ ಕುಳಿತು, ಬೆಳಿಗ್ಗೆ ಮಾರ್ಕೆಟಿಗೆ ಹೋಗಿ ತರಕಾರಿಯ ದರ ಕುದುರಿಸಿ, ಕೆಲಸಗಾರರು ಹೇಳದೆ ಕೇಳದೆ ಊರಿಗೆ ಹೋದ ದಿನ ತಾನೇ ಬಡಿಸಿ, ಮೊಬೈಲಿನ ಮೂಲಕ ಬಂದ ಪಾರ್ಸೆಲುಗಳ ಲೆಕ್ಕವನ್ನು ತಿಂಗಳ ಕೊನೆಗೆ ತಾಳೆ ನೋಡಿದ ಹುಡುಗರು ನಮ್ಮಲ್ಲಿ ಎಷ್ಟಿಲ್ಲ! ಕೇಟರಿಂಗಿನ ಮನೆಯಲ್ಲಿ ಐನೂರು ಜನರ ಊಟಕ್ಕೆ ಅಕ್ಕಿ ಬೇಳೆಗಳ ಪಟ್ಟಿ ಮಾಡಿದ, ನೆರೆಯ ಮಕ್ಕಳಿಗೆ ಪಾಠ ಹೇಳಿ ಕಾಲೇಜಿನ ಫೀ ಕಟ್ಟಿದ ಹುಡುಗಿಯರೂ ಇದ್ದಾರೆ. ಅರ್ಜಿ ಬರೆಯುವಾಗ ಇದೆಲ್ಲ ಮಾಯವಾಗುತ್ತದೆ. ‘ಅನುಭವ’ ಎಂಬ ಅಂಕಣದಲ್ಲಿ ‘ಇಲ್ಲ’ ಎಂದು ಬರೆಯುತ್ತಾರೆ. ಹೋಟೆಲಿನ ಕೆಲಸವನ್ನು ಹೇಳಿಕೊಂಡರೆ ಮರ್ಯಾದೆ ಹೋಗುವುದೆಂಬ ನಾಚಿಕೆ ಅವರದು. ಮಗ ಹೋಟೆಲಿನಿಂದ ಹೊರಬರಲೆಂದೇ ಓದಿಸಿದ ತಂದೆಗೂ ಅದನ್ನು ಮರೆಯಿಸುವ ಆತುರ. ಆದರೆ ಬ್ಯಾಂಕಿಗೋ, ಸಗಟು ವ್ಯಾಪಾರದ ಸಂಸ್ಥೆಗೋ, ಸರಕು ಸಾಗಾಟದ ಕಂಪೆನಿಗೋ ಬೇಕಾದುದು ಗಿರಾಕಿಯ ಸಿಟ್ಟನ್ನು ನಗುತ್ತ ಸಹಿಸಿದ, ಹಣದ ಲೆಕ್ಕಕ್ಕೆ ಹೊಣೆಯಾದ, ಹೊತ್ತು ಹೊತ್ತಿಗೆ ಕೆಲಸ ಮುಗಿಸಿದ ಮನುಷ್ಯನೇ. ಅರ್ಜಿಗಳ ರಾಶಿಯಲ್ಲಿ ಅವರನ್ನು ಬೇರೆಯಾಗಿ ತೋರಿಸಬಲ್ಲ ಒಂದೇ ಸಂಗತಿಯನ್ನು ಅವರೇ ಅಳಿಸಿಹಾಕುತ್ತಿದ್ದಾರೆ.

ಭಾಷೆಗಳ ವಿಷಯವೂ ಹಾಗೆಯೇ. ಮನೆಯಲ್ಲಿ ತುಳು ಇಲ್ಲವೆ ಕೊಂಕಣಿ, ಸಂಘದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು. ಮುಂಬಯಿಯ ಕನ್ನಡ ಹುಡುಗನಿಗೆ ಐದು ಭಾಷೆಗಳು ಸಹಜವಾಗಿ ಬರುತ್ತವೆ. ಹೈದರಾಬಾದಿನವನಿಗೆ ತೆಲುಗು, ಚೆನ್ನೈಯವನಿಗೆ ತಮಿಳು ಬರುತ್ತದೆ. ಇದನ್ನು ಅವನು ಅರ್ಜಿಯ ಅಡಿಯಲ್ಲಿ ಅರ್ಧ ಸಾಲಿನಲ್ಲಿ ಮುಗಿಸುತ್ತಾನೆ. ಸರಕಾರಿ ಬ್ಯಾಂಕುಗಳ ಗುಮಾಸ್ತೆಯ ಹುದ್ದೆಗೆ ಆಯಾ ರಾಜ್ಯದ ಭಾಷೆ ಬಲ್ಲವರೇ ಬೇಕು. ಸ್ಟೇಟ್ ಬ್ಯಾಂಕಿನಲ್ಲಿ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯಲ್ಲಿ ಆ ಭಾಷೆಯನ್ನು ಕಲಿತ ಅಂಕಪಟ್ಟಿಯಿದ್ದವರಿಗೆ ಭಾಷಾ ಪರೀಕ್ಷೆಯಿಂದ ವಿನಾಯಿತಿಯೂ ಉಂಟು. ಗುಮಾಸ್ತೆಯ ಸಾಮಾನ್ಯ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ ಹದಿಮೂರು ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಇಲಾಖೆ 2021ರಲ್ಲಿ ನಿರ್ಣಯಿಸಿತು. ಕನ್ನಡವನ್ನೂ ಮರಾಠಿಯನ್ನೂ ಓದಿ ಬರೆಯಬಲ್ಲವನಿಗೆ ಹೀಗೆ ಎರಡು ರಾಜ್ಯಗಳ ಬಾಗಿಲು ತೆರೆದಿದೆ. ಶಾಲೆಯಲ್ಲಿ ಕನ್ನಡ ಕಲಿತರೆ ಹೊಟ್ಟೆ ತುಂಬದೆಂದು ಮಕ್ಕಳನ್ನು ಅದರಿಂದ ದೂರವಿರಿಸಿದ ಪಾಲಕರು ಈ ಮಾತನ್ನು ಯೋಚಿಸಲಿ.

ಇನ್ನು, ಇದನ್ನು ಅರ್ಜಿಯಲ್ಲಿ ಬರೆಯುವ ಬಗೆ. ವಾಣಿಜ್ಯ ಪದವೀಧರನೊಬ್ಬ ‘ಲೆಕ್ಕಪತ್ರಗಳ ಉತ್ತಮ ಜ್ಞಾನವಿದೆ’ ಎಂದು ಬರೆದರೆ ಓದುವವರ ಮನಸ್ಸಿನಲ್ಲಿ ಏನೂ ಉಳಿಯದು. ಅದೇ ಹುಡುಗ, ‘ಬಡಾವಣೆಯ ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕವನ್ನು ಹತ್ತು ತಿಂಗಳು ಟ್ಯಾಲಿಯಲ್ಲಿ ಬರೆದಿದ್ದೇನೆ, ಪ್ರತಿ ತಿಂಗಳೂ ಖರೀದಿಯ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಪಟ್ಟಿಯೊಡನೆ ತಾಳೆ ನೋಡಿ, 3ಬಿ ನಮೂನೆಯನ್ನು ಗಡುವಿನೊಳಗೆ ಸಿದ್ಧಪಡಿಸಿದ್ದೇನೆ’ ಎಂದು ಬರೆದರೆ, ಕೆಲಸ ಬಲ್ಲ ಯಾವ ಧಣಿಯೂ ಅಲ್ಲಿ ಒಂದು ಕ್ಷಣ ನಿಲ್ಲದಿರಲಾರನು. ಮೊದಲನೆಯದು ಹೊಗಳಿಕೆ, ಎರಡನೆಯದು ಸಾಕ್ಷ್ಯ. ಯಾವ ಕೆಲಸ, ಯಾರಿಗಾಗಿ, ಎಷ್ಟು ಕಾಲ, ಫಲವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಾಗುವಂತೆ ಪ್ರತಿಯೊಂದು ಸಾಲನ್ನೂ ಬರೆಯತಕ್ಕದ್ದು. ಅಂಥ ಅನುಭವವಿಲ್ಲದವನು ಅಂಗಡಿಕಾರನೊಬ್ಬನ ಬಳಿಗೆ ಹೋಗಿ ಸಂಬಳ ಕಡಿಮೆಯಾದರೂ ಮೂರು ತಿಂಗಳು ಅದನ್ನು ಸಂಪಾದಿಸಿಕೊಳ್ಳಲಿ. ಮನೆಯಲ್ಲಿ ಕುಳಿತು ನೂರನೆಯ ಅರ್ಜಿ ಕಳುಹಿಸುವುದಕ್ಕಿಂತ ಅದು ಮೇಲು.

ಅರ್ಜಿಯು ಚಿಕ್ಕದಾಗಿಯೂ ಸರಳವಾಗಿಯೂ ಇರುವುದು ಲೇಸು. ಹೊಸಬನಿಗೆ ಒಂದು ಪುಟ ಸಾಕು. ಬಣ್ಣದ ಚೌಕಟ್ಟು, ಚಿತ್ರ, ಎರಡು ಕಂಬಗಳ ಅಲಂಕಾರಗಳನ್ನು ಕಂಪ್ಯೂಟರು ಕೆಲವೊಮ್ಮೆ ಸರಿಯಾಗಿ ಓದಲಾರದು. ಜಾಹೀರಾತನ್ನು ಎರಡು ಸಲ ಓದಿ, ಅಲ್ಲಿ ಕೇಳಿದ ವಿದ್ಯೆ ನಿಜವಾಗಿ ತನ್ನಲ್ಲಿದ್ದರೆ ಅದನ್ನು ಅದೇ ಹೆಸರಿನಿಂದ ಕರೆಯಬೇಕು. ಯಂತ್ರವು ಹುಡುಕುವುದು ಆ ಹೆಸರನ್ನೇ. ಒಂದೇ ಅರ್ಜಿಯನ್ನು ನೂರು ಕಡೆ ಎಸೆಯುವವನಿಗಿಂತ ಹತ್ತು ಕಡೆಗೆ ಹತ್ತು ಬಗೆಯಾಗಿ ಬರೆದವನಿಗೆ ಕರೆ ಬರುವ ಸಂಭವ ಹೆಚ್ಚು. ಭಾಷೆಯ ತಪ್ಪು ತಿದ್ದಲು ಯಂತ್ರದ ಸಹಾಯ ಪಡೆಯುವುದರಲ್ಲಿ ದೋಷವಿಲ್ಲ. ಆದರೆ ತನ್ನ ಜೀವನವನ್ನೇ ಅದರಿಂದ ಬರೆಯಿಸಿದವನು ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ತಡವರಿಸುತ್ತಾನೆ. ಅಲ್ಲಿ ತಿಳಿಯದುದನ್ನು ‘ತಿಳಿಯದು, ಕಲಿಯುತ್ತೇನೆ’ ಎಂದು ನೇರವಾಗಿ ಹೇಳುವವನಿಗೆ ನಷ್ಟವಿಲ್ಲ. ಆ ಸಂಸ್ಥೆಯು ಏನು ಮಾಡುತ್ತದೆಂಬುದನ್ನೇ ತಿಳಿಯದೆ ಹೋದವನಿಗೆ ನಷ್ಟವುಂಟು.

ಸುಳ್ಳಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಲ್ಲದ ಅನುಭವವನ್ನು ಬರೆಯುವ, ಅದಕ್ಕೆ ಪ್ರಮಾಣಪತ್ರವನ್ನು ಹಣ ಕೊಟ್ಟು ಕೊಳ್ಳುವ ಕೆಟ್ಟ ರೂಢಿ ನಗರಗಳಲ್ಲಿ ಹಬ್ಬಿದೆ. ಭವಿಷ್ಯನಿಧಿಯ ಸದಸ್ಯರಿಗೆ 2014ರಿಂದ ಬಾಳಿಡೀ ಒಂದೇ ಸಂಖ್ಯೆ ದೊರೆಯುತ್ತಿರುವುದರಿಂದ, ಯಾರು ಎಲ್ಲಿ ಎಂದಿನಿಂದ ಎಂದಿನವರೆಗೆ ದುಡಿದರೆಂಬುದನ್ನು ಪರಿಶೀಲಿಸುವುದು ಸುಲಭವಾಗಿದೆ. ಅಂಕಪಟ್ಟಿಗಳನ್ನೂ ಕಂಪ್ಯೂಟರಿನ ಮೂಲಕ ನೇರವಾಗಿ ಪರೀಕ್ಷಿಸುವ ಏರ್ಪಾಡುಗಳು ಬಂದಿವೆ. ಸುಳ್ಳು ನೌಕರಿ ದೊರಕಿಸಿದರೂ ಆರು ತಿಂಗಳ ಬಳಿಕ ಕಸಿದುಕೊಳ್ಳುತ್ತದೆ. ಕಳಂಕ ಮಾತ್ರ ಉಳಿಯುತ್ತದೆ. ಹಾಗೆಯೇ, ಕೆಲಸ ಕೊಡುತ್ತೇವೆಂದು ಮುಂಗಡ ಹಣವನ್ನು ಕೇಳುವವರಿಂದ ದೂರವಿರುವುದೇ ಕ್ಷೇಮ. ಹೊರದೇಶದಲ್ಲಿ ದೊಡ್ಡ ಸಂಬಳವೆಂಬ ಆಸೆಗೆ ಬಿದ್ದು ಮ್ಯಾನ್ಮಾರ್, ಕಾಂಬೋಡಿಯಗಳ ವಂಚನೆಯ ಅಡ್ಡೆಗಳಲ್ಲಿ ಸೆರೆಯಾಳುಗಳಾದ ಭಾರತೀಯ ತರುಣರ ಕಥೆಯನ್ನು 2022ರಿಂದೀಚೆಗೆ ಎಲ್ಲರೂ ಕೇಳಿದ್ದೇವೆ.

ಪರಿಚಯದ ಬಲದ ಬಗ್ಗೆಯೂ ನಮ್ಮ ತಿಳಿವಳಿಕೆ ತಿದ್ದುಪಡಿಯಾಗಬೇಕಾಗಿದೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು, ಪರಿಚಯಸ್ಥರ ಮೂಲಕ ಕೆಲಸ ಪಡೆದವರನ್ನು ವಿಚಾರಿಸಿ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಆ ಪರಿಚಯಸ್ಥರನ್ನು ಮೇಲಿಂದ ಮೇಲೆ ಕಾಣುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿಯಷ್ಟೇ ಎಂದು ತೋರಿಸಿದರು. ಉಳಿದವರಿಗೆ ಸುದ್ದಿ ತಂದವರು ಎಂದೋ ಒಮ್ಮೆ ಭೇಟಿಯಾಗುವವರು. ಕಾರಣ ಸರಳ. ಹತ್ತಿರದವರಿಗೆ ನಮಗೆ ತಿಳಿದಷ್ಟೇ ತಿಳಿದಿರುತ್ತದೆ. ದೂರದವರು ಬೇರೊಂದು ಲೋಕದ ಸುದ್ದಿಯನ್ನು ತರುತ್ತಾರೆ. ನಮ್ಮ ಜಾತಿಯ ಸಂಘ, ನಮ್ಮ ಊರಿನವರ ಬಳಗ ಇವು ಕಷ್ಟಕ್ಕೆ ಆಗುವುದು ನಿಜ. ಆದರೆ ಒಂದೇ ಕಸುಬಿನವರ ಒಂದೇ ಬಳಗದಲ್ಲಿ ಸುತ್ತುವ ಹುಡುಗನಿಗೆ ಹೊಸ ಕಸುಬುಗಳ ಸುದ್ದಿ ತಲುಪುವುದಿಲ್ಲ. ಹಳೆಯ ಅಧ್ಯಾಪಕರು, ಒಂದೆರಡು ವರ್ಷ ಮುಂಚೆ ಕಾಲೇಜು ಬಿಟ್ಟವರು, ನೆರೆಯ ಮರಾಠಿ, ಗುಜರಾತಿ, ತಮಿಳು ಮನೆಗಳವರು ಇವರೊಡನೆಯೂ ನಮ್ಮವರು ಬಳಕೆ ಬೆಳೆಸಬೇಕು. ಅವರಲ್ಲಿ ‘ಕೆಲಸ ಕೊಡಿಸಿ’ ಎಂದು ಬೇಡದೆ ‘ನಿಮ್ಮ ಕೆಲಸ ಹೇಗೆ ನಡೆಯುತ್ತದೆ, ಅದಕ್ಕೆ ಏನು ಕಲಿಯಬೇಕು’ ಎಂದು ಕೇಳಿದರೆ ಮನಸ್ಸು ಬಿಚ್ಚಿ ಹೇಳುವವರೇ ಹೆಚ್ಚು.

ಇಷ್ಟೆಲ್ಲ ಮಾಡಿದರೂ ಬಾಗಿಲು ತೆರೆಯದ ಪ್ರಸಂಗಗಳಿವೆಯೆಂಬುದನ್ನು ನಾವು ಮರೆಮಾಚಲಾರೆವು. ಸುಖದೇವ್ ಥೋರಾಟ್ ಮತ್ತು ಪಾಲ್ ಅಟ್‌ವೆಲ್ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಪತ್ರಿಕಾ ಜಾಹೀರಾತುಗಳಿಗೆ ಸಮಾನ ಯೋಗ್ಯತೆಯ ಅರ್ಜಿಗಳನ್ನು ಹೆಸರುಗಳನ್ನು ಮಾತ್ರ ಬದಲಿಸಿ ಕಳುಹಿಸಿದರು. ಮೇಲ್ಜಾತಿಯ ಹೆಸರುಗಳಿಗಿಂತ ದಲಿತ ಮತ್ತು ಮುಸಲ್ಮಾನ ಹೆಸರುಗಳಿಗೆ ಕರೆ ಕಡಿಮೆ ಬಂದಿತು. ಪರನಾಡಿನಲ್ಲಿ ‘ಹೊರಗಿನವರು’ ಎಂಬ ಮಾತನ್ನು ಕೇಳಿ ನೊಂದ ನಮಗೆ ಈ ಅನ್ಯಾಯ ಬೇಗನೆ ಅರ್ಥವಾಗಬೇಕು. ಕನ್ನಡಿಗರಲ್ಲಿಯೂ ಧಣಿಗಳಿದ್ದಾರೆ. ಅರ್ಜಿಯಲ್ಲಿ ಮನೆತನದ ಹೆಸರನ್ನೂ ಊರನ್ನೂ ಮೊದಲು ಹುಡುಕುವ ಕಣ್ಣು ಅವರಲ್ಲಿ ಯಾರಿಗಾದರೂ ಇದ್ದರೆ ಅದನ್ನು ತಿದ್ದಿಕೊಳ್ಳಲಿ. ಉತ್ತರ ಬರೆಯಲು ಬಿಡುವಿಲ್ಲವೆಂದು ಹೇಳುವ ಕಂಪೆನಿಗಳು, ಸಂದರ್ಶನಕ್ಕೆ ಕರೆದವರಿಗಾದರೂ ‘ಇಲ್ಲ’ ಎಂಬ ಒಂದು ಸಾಲನ್ನು ಕಳುಹಿಸುವ ಸೌಜನ್ಯವನ್ನು ತೋರಲಿ.

ಕೊನೆಯದಾಗಿ ನಮ್ಮ ಸಂಘ ಸಂಸ್ಥೆಗಳಿಗೆ ಎರಡು ಮಾತು. ಪ್ರತಿ ವರ್ಷ ನೂರಕ್ಕೆ ತೊಂಬತ್ತು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಪುರಸ್ಕರಿಸುವ ಪದ್ಧತಿ ಒಳ್ಳೆಯದೇ. ಆದರೆ ಆ ಮಕ್ಕಳಿಗೆ ದಾರಿ ಹೇಗೂ ತೆರೆಯುತ್ತದೆ. ಐವತ್ತೈದು ಅಂಕಗಳನ್ನು ಪಡೆದು, ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಿ ಮನೆಗೆ ಮರಳುವ ಹುಡುಗನ ಹೆಸರನ್ನು ಯಾರೂ ಕರೆಯುವುದಿಲ್ಲ. ಸಮಾರಂಭದ ವೆಚ್ಚದ ಒಂದು ಪಾಲನ್ನು ಉಳಿಸಿ ವರ್ಷಕ್ಕೆ ನಾಲ್ಕು ಭಾನುವಾರ ಅವನನ್ನು ಕೂರಿಸಿಕೊಂಡು, ಅವನ ಅರ್ಜಿಯನ್ನು ತಿದ್ದಿ, ಸುಳ್ಳು ಸಂದರ್ಶನವೊಂದನ್ನು ನಡೆಸಿ ಅಭ್ಯಾಸ ಮಾಡಿಸಲು ಎಷ್ಟು ಹಣ ಬೇಕು? ಬ್ಯಾಂಕುಗಳಲ್ಲಿ, ಕಂಪೆನಿಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದಾರೆ. ಅವರನ್ನು ಅಧ್ಯಕ್ಷತೆಗೆ ಕರೆಯುವುದರ ಬದಲು ಈ ಕೆಲಸಕ್ಕೆ ಕರೆದರೆ ಅವರೂ ಸಂತೋಷಪಟ್ಟಾರು. ಕೆಲಸ ಕಲಿಯುವವರನ್ನು ತೆಗೆದುಕೊಳ್ಳುವುದಕ್ಕಾಗಿ 1961ರಲ್ಲಿಯೇ ಬಂದ ಕಾನೂನಿದೆ. ಅವರ ಭತ್ಯದಲ್ಲಿ ಸರಕಾರವು ಪಾಲು ಕೊಡುವ ಯೋಜನೆಯು 2016ರಿಂದ ಇದೆ. ಇದನ್ನು ಬಳಸಿಕೊಳ್ಳುವಂತೆ ನಮ್ಮ ಉದ್ಯಮಿಗಳನ್ನು ಒಪ್ಪಿಸುವುದು ಸಂಘಗಳಿಗೆ ಸಾಧ್ಯ. ತಮ್ಮಲ್ಲಿ ದುಡಿದು ಹೋಗುವ ಹುಡುಗನಿಗೆ, ಅವನು ಮಾಡಿದ ಕೆಲಸವನ್ನೂ ಕಾಲವನ್ನೂ ಕಾಣಿಸಿ ಸತ್ಯವಾದ ಒಂದು ಪತ್ರವನ್ನು ಬರೆದುಕೊಡುವುದು ಹೋಟೆಲಿನ ಯಜಮಾನರಿಗೂ ಕಷ್ಟವಲ್ಲ.

ಹಳೆಯ ಚೀಟಿಯ ಕಾಲ ಮತ್ತೆ ಬರಲಾರದು, ಬರಬೇಕಾಗಿಯೂ ಇಲ್ಲ. ಚೀಟಿ ಕೊಡುವವರಿಲ್ಲದ ಬಡವರ ಮಕ್ಕಳು ಅಂದು ಬಾಗಿಲ ಹೊರಗೇ ಉಳಿದುದನ್ನು ಮರೆಯಬಾರದು. ಇಂದಿನ ತರುಣನು ತನ್ನ ಚೀಟಿಯನ್ನು ತಾನೇ, ತನ್ನ ಕೈಯ ಕೆಲಸದಿಂದ ಬರೆದುಕೊಳ್ಳಬೇಕಾಗಿದೆ. ಅದರಲ್ಲಿ ತಂದೆಯ ಹೋಟೆಲಿನ ಗಲ್ಲಾಪೆಟ್ಟಿಗೆಯೂ, ಮನೆಯ ಐದು ಭಾಷೆಗಳೂ ನಾಚಿಕೆಯಿಲ್ಲದೆ ಸ್ಥಾನ ಪಡೆಯಲಿ. ಅದನ್ನು ಬರೆಯುವ ಕ್ರಮವನ್ನು ಕಲಿಸುವ ಹೊಣೆಯನ್ನು ಹಿರಿಯರು ಈ ವರ್ಷವೇ ವಹಿಸಿಕೊಳ್ಳುವರೆಂದು ನಾವು ಆಶಿಸುತ್ತೇವೆ.